ಶುಕ್ರನ ಮೇಲೆ ಆಟಿ

ಕಳೆದ ತಿಂಗಳು ಲಾಯಿಲದಲ್ಲಿ ತೀರಿಕೊಂಡ ವಿಜ್ಞಾನದ ಮಾಷ್ಟ್ರ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಮೂಡುಬಿದಿರೆಯ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಕೇಳಿದರು. "ನೀವು ಅವರೊಟ್ಟಿಗೆ ಇಷ್ಟು ವರ್ಷ ಕೆಲಸ ಮಾಡಿದವರು. ನಿಮಗಿಂತ ಚಂದ ಯಾರು ಬರೀತಾರೆ ಸರ್?" ಎಂದರು. ಒಳ್ಳೆಯ ಮಾತು ಬರೆಯುತ್ತೇನೆಂದು ಅವರ ನಂಬಿಕೆ. ಒಳ್ಳೆಯ ಮಾತು ಬೇಕಾದಷ್ಟಿದೆ, ನನ್ನ ಕಷ್ಟವೂ ಅದೇ. ಆ ಮನುಷ್ಯನ ಬಗ್ಗೆ ಹೇಳಲಿಕ್ಕೆ ಒಂದಾದರೂ ಕೆಟ್ಟ ಮಾತು ಸಿಕ್ಕಿದ್ದರೆ ಈ ಹತ್ತು ವರ್ಷ ನಾನು ಇನ್ನಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಹೆಸರು ಬರೆಯುವುದಿಲ್ಲ. ಊರಿನಲ್ಲಿ ಅವರ ಹೆಸರು ಹೇಳುವವರಿಗೆ ಕೊರತೆಯಿಲ್ಲ, ಅವರ ಜೊತೆ ನಾನೂ ಸೇರಬೇಕಾಗಿಲ್ಲ.

ನಾನು ಡ್ರಾಯಿಂಗ್ ಮಾಷ್ಟ್ರು. ಹುಟ್ಟಿದ್ದು ಬಂಟ್ವಾಳ, ಕೆಲಸ ಸಿಕ್ಕಿ ಮೂಡುಬಿದಿರೆಗೆ ಬಂದವನು. ನನ್ನ ಪಾಠ ಬಹಳ ಸರಳ. ಮೇಜಿನ ಮೇಲೆ ಒಂದು ತಾಮ್ರದ ಚೆಂಬು, ಒಂದು ಮಣ್ಣಿನ ಮಡಕೆ ಇಡುವುದು. ಬಲಗಡೆಯ ಕಿಟಕಿ ಮುಚ್ಚಿ ಎಡಗಡೆಯದನ್ನು ಮಾತ್ರ ತೆರೆದಿಡುವುದು. ಬೆಳಕು ಎಲ್ಲಿಂದ ಬಂತು, ನೆರಳು ಎಲ್ಲಿಗೆ ಬಿತ್ತು ಎಂದು ಮಕ್ಕಳಿಗೆ ತೋರಿಸುವುದು. ನೆರಳು ಹಾಕಲಿಕ್ಕೆ ಬಂದರೆ ಚಿತ್ರ ಬಂದ ಹಾಗೆ ಎಂದು ನನ್ನ ಗುರುಗಳು ನನಗೆ ಕಲಿಸಿದ್ದರು, ನಾನು ಮಕ್ಕಳಿಗೆ ಕಲಿಸಿದೆ. ಸರ್ಕಾರದ ಡ್ರಾಯಿಂಗ್ ಪರೀಕ್ಷೆಗೆ ನಾನು ಕಳಿಸಿದ ಮಕ್ಕಳು ಫೇಲಾದದ್ದು ಬಹಳ ಕಡಿಮೆ. ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನನಗೆ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಅವಳು ಅಂಗಳದ ಸೆಗಣಿ ಸಾರಿಸಿದ ನೆಲದ ಮೇಲೆ ಬೆರಳಿನಿಂದ ಎಳೆದ ಗೆರೆ ನೋಡಿಯೇ ಇವಳ ಕೈಯಲ್ಲಿ ಏನೋ ಉಂಟು ಎಂದು ನನಗೆ ಗೊತ್ತಾಗಿತ್ತು. ಅವಳು ನನ್ನ ಶಾಲೆಗೇ ಬಂದು, ನನ್ನ ತರಗತಿಯಲ್ಲೇ ಕೂತು, ನನ್ನಿಂದಲೇ ಚಿತ್ರ ಕಲಿಯಬೇಕು. ಅವಳ ಮಾಷ್ಟ್ರು ಯಾರು ಎಂದು ನಾಳೆ ಯಾರಾದರೂ ಕೇಳಿದರೆ ನನ್ನನ್ನು ತೋರಿಸಬೇಕು. ಜೀವನದಲ್ಲಿ ನಾನು ಆಸೆಪಟ್ಟದ್ದು ಇಷ್ಟೇ. ಬಂದಳು, ಕೂತಳು. ಚೆಂಬು ಬರೆದಳು, ಮಡಕೆ ಬರೆದಳು. ತಪ್ಪಿಲ್ಲದೆ ಬರೆದಳು. ಆದರೆ ಅಂಗಡಿಯಲ್ಲಿ ಸಾಮಾನು ಕಟ್ಟುವವನು ಪೊಟ್ಟಣ ಕಟ್ಟಿದ ಹಾಗೆ, ಮುಗಿಸಿ ಆಚೆ ಇಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಕಾದೆ. ಇನ್ನೂ ಚಿಕ್ಕವಳು, ಒಂದು ದಿನ ರುಚಿ ಹತ್ತುತ್ತದೆ ಎಂದು ಕಾದೆ. ರುಚಿ ಹತ್ತಿತು. ಹತ್ತಿಸಿದವನು ಬೇರೆಯವನು.

ರಷ್ಯಾದವರು ಮೊದಲ ಉಪಗ್ರಹ ಹಾರಿಸಿ ಊರಿನ ಚಾದಂಗಡಿಗಳಲ್ಲೆಲ್ಲ ಅದೇ ಮಾತಾಗಿದ್ದ ಸಮಯದಲ್ಲಿ ಆ ಮಾಷ್ಟ್ರು ನಮ್ಮಲ್ಲಿಗೆ ಬಂದರು. ಉದ್ದಕ್ಕೆ ಸಪೂರ ಆಳು. ಕಚ್ಚೆ ಪಂಚೆಯ ಮೇಲೊಂದು ಕಂದು ಕೋಟು. ಆ ಕೋಟಿನ ಜೇಬಿನಲ್ಲಿ ಚಾಕ್ ಹುಡಿ, ಮುರಿದ ಲೆನ್ಸು, ಕೆಲವೊಮ್ಮೆ ತಿಂದು ಉಳಿದ ಹಲಸಿನ ಹಪ್ಪಳ. ಮದುವೆಯಾಗಿರಲಿಲ್ಲ. ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಅಕ್ಕನ ಮನೆ, ಇಲ್ಲಿ ಒಂದು ಬಾಡಿಗೆ ಕೋಣೆ. ತರಗತಿಗೆ ಹೋದವರೇ ಮೊದಲು ಎಲ್ಲ ಕಿಟಕಿಗಳನ್ನೂ ತೆರೆಯುವುದು ಅವರ ಕ್ರಮ. ನನ್ನ ತರಗತಿಗೂ ಅವರದಕ್ಕೂ ನಡುವೆ ಹಲಗೆಯ ಅಡ್ಡಗೋಡೆ ಮಾತ್ರ. ನಾನು ಬೆಳಕಿಗೆಂದು ಮುಚ್ಚಿದ ಕಿಟಕಿಯ ಪಕ್ಕದಲ್ಲೇ ಅವರು ದಡಬಡನೆ ಕಿಟಕಿ ತೆರೆಯುವ ಸದ್ದು ದಿನಾ ಕೇಳಬೇಕಾಗಿತ್ತು.

ಅವರಿಗೆ ಹುಚ್ಚು ಗಾಳಿಯದು. ಗ್ರಹ, ನಕ್ಷತ್ರ, ರಾಕೆಟ್ಟು ಯಾವುದೂ ಅಲ್ಲ, ಗಾಳಿ. ಯಾವ ಗ್ರಹದ ಮೇಲೆ ಎಂಥ ಗಾಳಿ ಉಂಟು, ಅದರೊಳಗೆ ನಿಂತು ಮೇಲೆ ನೋಡಿದರೆ ಆಕಾಶ ಯಾವ ಬಣ್ಣ ಕಾಣುತ್ತದೆ, ಇದೇ ಅವರ ತಲೆಯಲ್ಲಿ. ಊರೆಲ್ಲ ಚಂದ್ರನಿಗೆ ಹೋಗುವ ಮಾತಾಡುತ್ತಿದ್ದಾಗ ಅವರಿಗೆ ಚಂದ್ರನ ಮೇಲೆ ಒಂಚೂರೂ ಗೌರವ ಇರಲಿಲ್ಲ. "ಅಲ್ಲಿ ಗಾಳಿಯೇ ಇಲ್ಲ ಮಾರಾಯ್ರೆ. ಗಾಳಿ ಇಲ್ಲದ ಊರಿಗೆ ಹೋಗಿ ಎಂಥ ನೋಡ್ಲಿಕ್ಕೆ ಉಂಟು?" ಎನ್ನುತ್ತಿದ್ದರು, ನೆಂಟರ ಮನೆಯ ಊಟ ಚೆನ್ನಾಗಿಲ್ಲ ಎಂದು ಹೇಳುವ ದನಿಯಲ್ಲಿ.

ಒಂದು ದಿನ ಅಧ್ಯಾಪಕರ ಕೋಣೆಯಿಂದ ಚಾದ ಹಾಲಿನ ಪಾತ್ರೆಯನ್ನೇ ಎತ್ತಿಕೊಂಡು ತರಗತಿಗೆ ಹೋದರು. ಗ್ಲಾಸಿನ ನೀರಿಗೆ ಎರಡು ತೊಟ್ಟು ಹಾಲು ಬಿಟ್ಟು ಬಿಸಿಲಿಗೆ ಹಿಡಿದು ಮಕ್ಕಳಿಗೆ ತೋರಿಸಿದರಂತೆ. ಬದಿಯಿಂದ ನೋಡಿದರೆ ನೀರು ನಸುನೀಲಿ, ಅದರ ಮೂಲಕ ಸೂರ್ಯನನ್ನು ನೋಡಿದರೆ ಕೆಂಪು. "ಆಕಾಶ ಅಂದರೆ ಇಷ್ಟೇ. ಸೂರ್ಯ ಸಾಯಂಕಾಲ ಕೆಂಪಾಗುವುದಲ್ಲ, ನಾವು ಅವನನ್ನು ಹೆಚ್ಚು ಗಾಳಿಯ ಮೂಲಕ ನೋಡ್ತೇವೆ" ಎಂಬ ಮಾತು ಹಲಗೆಯ ಆಚೆಯಿಂದ ನನಗೂ ಕೇಳಿಸಿತು. ಆ ದಿನ ನಮಗೆಲ್ಲ ಹಾಲಿಲ್ಲದ ಚಾ. ಹೆಡ್‌ಮಾಷ್ಟ್ರು ಬೈಯುತ್ತಾರೆಂದು ನಾನು ಆಸೆಯಿಂದ ನೋಡಿದೆ. ಅವರು ಹಾಲಿಲ್ಲದ ಚಾ ಕುಡಿಯುತ್ತಾ, "ಅದು ನನಗೂ ಗೊತ್ತಿರಲಿಲ್ಲ, ನೋಡಿ" ಎಂದುಬಿಟ್ಟರು.

ಚಿತ್ರದ ಉಪದ್ರ ಶುರುವಾದದ್ದು ಅದರ ನಂತರ. ಶನಿವಾರ ಅರ್ಧ ದಿನ ಶಾಲೆ. ಗಂಟೆ ಹೊಡೆದ ಮೇಲೆ ಅವರು ಆಸಕ್ತಿ ಇದ್ದ ಮಕ್ಕಳನ್ನು ಉಳಿಸಿಕೊಂಡು ಬೇರೆ ಗ್ರಹಗಳ ಆಕಾಶ ಬರೆಸತೊಡಗಿದರು. ಅವರಿಗೆ ಒಂದು ಗೆರೆ ನೆಟ್ಟಗೆ ಎಳೆಯಲಿಕ್ಕೆ ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆದ ವೃತ್ತ ಗೇರುಬೀಜದ ಆಕಾರಕ್ಕೆ ಬರುತ್ತಿತ್ತು. ಇಂಥವರು ಚಿತ್ರ ಬರೆಸುವುದೆಂದರೆ! ಒಂದು ದಿನ ಬಂದು, "ಮಾಷ್ಟ್ರೆ, ಶಾಲೆಯ ಬಣ್ಣದ ಪೆಟ್ಟಿಗೆ ಸ್ವಲ್ಪ ಕೊಡ್ತೀರಾ?" ಎಂದು ಕೇಳಿದರು. ಪರೀಕ್ಷೆಗೆ ಕೂರುವ ಮಕ್ಕಳಿಗೆ ಮೀಸಲು ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ, ಅದು ನಿಯಮ. "ಹೌದಲ್ಲ, ನನಗೆ ಹೊಳೆಯಲೇ ಇಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು.

ಮುಂದಿನ ಶನಿವಾರ ನೋಡಿದರೆ ಮಕ್ಕಳು ಮನೆಯಿಂದ ಬಣ್ಣ ತಂದಿದ್ದರು. ಬಸಳೆ ಹಣ್ಣಿನ ನೇರಳೆ, ಪುನರ್ಪುಳಿಯ ಕೆಂಪು, ಅರಸಿನ, ಲಾಟೀನಿನ ಗಾಜು ಉಜ್ಜಿ ತೆಗೆದ ಮಸಿ, ನಮ್ಮೂರಿನ ಕೆಂಪು ಮುರಕಲ್ಲನ್ನು ಕುಟ್ಟಿ ಸೋಸಿದ ಹುಡಿ. ಮುರಕಲ್ಲಿನ ಹುಡಿ ಮಂಗಳನಿಗೆ. "ಮಂಗಳ ಕೆಂಪು ಅಂತ ಪುಸ್ತಕದಲ್ಲಿ ಉಂಟು. ಎಂಥ ಕೆಂಪು ಅಂತ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ" ಎಂದು ಅವರು ನಗುತ್ತಿದ್ದರು. ನನ್ನ ಮಗಳು ಆ ಗುಂಪಿನಲ್ಲಿ ಕೈಯೆಲ್ಲ ನೇರಳೆ ಮಾಡಿಕೊಂಡು ಕೂತಿದ್ದಳು. ನನ್ನ ತರಗತಿಯಲ್ಲಿ ಅವಳ ಬೆರಳಿಗೆ ಪೆನ್ಸಿಲಿನ ಕಪ್ಪು ಕೂಡ ಹತ್ತಿದ್ದು ನಾನು ಕಂಡಿರಲಿಲ್ಲ.

ಅವರು ಬರೆಸುವ ಕ್ರಮವೇ ವಿಚಿತ್ರ. ಗಾಳಿ ಪದರು ಪದರಾಗಿರುತ್ತದೆ, ಹಾಗಾಗಿ ಚಿತ್ರವೂ ಪದರು ಪದರಾಗಿಯೇ ಇರಬೇಕು ಎಂದು ಅವರ ವಾದ. ಒಂದು ಗ್ರಹಕ್ಕೆ ನಾಲ್ಕೈದು ಮಕ್ಕಳು. ಒಬ್ಬ ನೆಲ ಬರೆದರೆ ಒಬ್ಬಳು ನೆಲದ ಮೇಲಿನ ಮಂಜು, ಇನ್ನೊಬ್ಬ ಮೋಡ, ಮತ್ತೊಬ್ಬ ಅದರ ಮೇಲಿನ ತೆಳು ಗಾಳಿ. ಪ್ರತಿಯೊಬ್ಬರೂ ಬೇರೆ ಬೇರೆ ತೆಳು ಬಿಳಿ ಕಾಗದದ ಮೇಲೆ. ಅದಕ್ಕೆ ತೆಂಗಿನೆಣ್ಣೆ ಸವರಿದರೆ ಬೆಳಕು ದಾಟುತ್ತದೆ. ಎಲ್ಲವನ್ನೂ ಒಂದರ ಮೇಲೊಂದಿಟ್ಟು ಬಿಸಿಲಿರುವ ಕಿಟಕಿಗೆ ಅಂಟಿಸಿದರೆ ಒಂದು ಆಕಾಶ. ಮೊದಲ ಸಲ ಅವರು ಎಣ್ಣೆ ಹಚ್ಚಿದ ಮೇಲೆ ಬಣ್ಣ ಹಾಕಲು ಹೋದರು. ಬಣ್ಣವೆಲ್ಲ ಕೆಸುವಿನ ಎಲೆಯ ನೀರಿನ ಹಾಗೆ ಜಾರಿತು. ಬಾಗಿಲಲ್ಲಿ ನಿಂತು ನೋಡಿ ನನಗೆ ಪರಮಾನಂದವಾಯಿತು. ಮೊದಲು ಬಣ್ಣ, ಆಮೇಲೆ ಎಣ್ಣೆ ಎಂದು ಅವರಿಗೆ ಹೊಳೆಯಲು ಒಂದು ವಾರ ಸಾಕಾಯಿತು. ಹೊಳೆದದ್ದು ನನ್ನ ಮಗಳಿಗೆ.

"ಇದು ಯಾರ ಚಿತ್ರ ಮಾಷ್ಟ್ರೆ? ಮಾರ್ಕು ಯಾರಿಗೆ ಕೊಡುವುದು?" ಎಂದು ನಾನು ಒಮ್ಮೆ ಕುಟುಕಿದೆ.

"ಅದು ಹೌದು, ಮಾರ್ಕು ಕೊಡ್ಲಿಕ್ಕೆ ಆಗುವುದಿಲ್ಲ" ಎಂದರು, ನಾನೊಂದು ಒಳ್ಳೆಯ ಸುದ್ದಿ ಹೇಳಿದ ಹಾಗೆ.

ಶುಕ್ರನ ಸರದಿ ಬಂದ ದಿನ ನಾನು ನನ್ನ ಕೋಣೆಯಲ್ಲಿ ಪರೀಕ್ಷೆಯ ಚಿತ್ರ ತಿದ್ದುತ್ತಾ ಕೂತಿದ್ದೆ. ಆಚೆ ಕೋಣೆಯಲ್ಲಿ ಅವರು ವಿವರಿಸುತ್ತಿದ್ದರು. ಶುಕ್ರನ ಸುತ್ತ ದಪ್ಪ ಮೋಡ, ಎಷ್ಟು ದೊಡ್ಡ ದುರ್ಬೀನು ಹಿಡಿದರೂ ಅದರ ಕೆಳಗಿನ ನೆಲ ಯಾರಿಗೂ ಕಂಡಿಲ್ಲ, ಅಲ್ಲಿ ನಿಂತವರಿಗೆ ಸೂರ್ಯನ ಮುಖ ಕಾಣುವುದೇ ಇಲ್ಲ. ಸಿದ್ಧಕಟ್ಟೆ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಸರ್, ಹಾಗಾದರೆ ಅಲ್ಲಿ ವರ್ಷ ಇಡೀ ಆಟಿಯಾ?"

ತುಳುನಾಡಿನ ಹೊರಗಿನವರಿಗೆ ಹೇಳಬೇಕು, ಆಟಿ ಎಂದರೆ ನಮ್ಮ ಮಳೆಗಾಲದ ನಟ್ಟನಡುವಿನ ತಿಂಗಳು. ದಿನವಿಡೀ ಮೋಡ, ಮನೆಯಲ್ಲಿ ಅಕ್ಕಿ ಮುಗಿಯುವ ಕಾಲ. ರೋಗರುಜಿನ ಓಡಿಸಲಿಕ್ಕೆ ತಾಳೆಗರಿಯ ಕೊಡೆ ಹಿಡಿದ ಆಟಿಕಳೆಂಜ ಎಂಬ ವೇಷದವನು ಮನೆ ಮನೆಗೆ ಬಂದು ಕುಣಿದು ಹೋಗುತ್ತಾನೆ. ಬೇರೆ ಊರಿನ ಯಾವ ಮಗುವಿಗೂ ಈ ಪ್ರಶ್ನೆ ಬರಲಿಕ್ಕಿಲ್ಲ. ನಾನಾದರೆ "ಕೂತುಕೋ" ಎನ್ನುತ್ತಿದ್ದೆ. ಅವರು ಚಪ್ಪಾಳೆ ಹೊಡೆದದ್ದು ಕೇಳಿಸಿತು. "ಹೌದಲ್ಲ ಮಾರಾಯ್ತಿ! ಮೋಡದ ಕೆಳಗೆ ಸಮುದ್ರವೇ ಇರಬಹುದು ಅಂತ ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳ್ತಾರೆ. ಸಮುದ್ರ ಉಂಟು, ಮೋಡ ಉಂಟು, ಮಳೆ ಬಾರದೆ ಇರ್ತದಾ? ಬರೆಯುವ, ಶುಕ್ರನ ಮೇಲೆ ಆಟಿ ಬರೆಯುವ!"

ಬರೆದರು. ಮಳೆಗೆ ಬೆನ್ನ ಮೇಲೆ ಎಲೆಯ ಗೊರಬು ಕವುಚಿಕೊಂಡು ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಶುಕ್ರನಲ್ಲಿ. ಉಕ್ಕಿದ ತೋಡು ಶುಕ್ರನಲ್ಲಿ. ಒಬ್ಬ ಹುಡುಗ ಆಟಿಕಳೆಂಜನನ್ನೇ ಕೊಡೆ ಸಮೇತ ಅಲ್ಲಿಗೆ ಕಳಿಸಿಬಿಟ್ಟ. ಒಣಗಿದ ಮೇಲೆ ತೋರಿಸಲಿಕ್ಕೆ ನನ್ನನ್ನು ಕರೆದರು. ಕಿಟಕಿಗೆ ಹಚ್ಚಿದ ಹಾಳೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಕಳೆಂಜನ ಹಾಳೆ ಎತ್ತಿದಾಗ ನನಗೇನೂ ಅನ್ನಿಸಲಿಲ್ಲ. ಗದ್ದೆಯ ಹಾಳೆ ಎತ್ತಿದಾಗಲೂ ಇಲ್ಲ. ನಡುವಿನಲ್ಲಿ ಒಂದು ಹಾಳೆ ಇತ್ತು, ಅದರಲ್ಲಿ ಮನುಷ್ಯರಿಲ್ಲ, ಗೆರೆಯೇ ಇಲ್ಲ. ಬೂದಿಗೆ ಸ್ವಲ್ಪ ಅರಸಿನ ಬೆರೆತ ಒಂದು ಬಣ್ಣ, ಮೇಲೆ ತೆಳು, ಕೆಳಗೆ ದಪ್ಪ. ಅದನ್ನು ಎತ್ತಿದ ಕೂಡಲೇ ಉಳಿದದ್ದೆಲ್ಲ ಬರೀ ಶಾಲಾ ಮಕ್ಕಳ ಚಿತ್ರವಾಯಿತು. ವಾಪಸು ಇಟ್ಟರೆ ಆಟಿಯ ಸಂಜೆ ನಾಲ್ಕು ಗಂಟೆ. ಎಲ್ಲ ಕಡೆಯಿಂದ ಬರುವ, ಎಲ್ಲಿಂದಲೂ ಬಾರದ ಬೆಳಕು. ಆ ಬೆಳಕಿನಲ್ಲಿ ಯಾವುದಕ್ಕೂ ನೆರಳಿರಲಿಲ್ಲ.

"ಯಾರದು ಇದು?" ಎಂದು ಕೇಳಿದೆ. ನನಗೆ ಗೊತ್ತಿತ್ತು.

"ನಿಮ್ಮ ಮಗಳದ್ದು. ಮತ್ತೆ ಯಾರಿಗೆ ಬರ್ತದೆ ಹೇಳಿ? ನೀವು ತಿದ್ದಿದ ಕೈ ಅಲ್ಲವಾ?"

ಆ ಮಾತಿಗೆ ನನಗೆ ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ವ್ಯಂಗ್ಯವಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮನಸಾರೆ ಹೇಳಿದ್ದರು. ನಾನು ಕಲಿಸಿದ್ದು ನೆರಳು. ಅವಳು ಬರೆದದ್ದು ನೆರಳಿಲ್ಲದ ಬೆಳಕು. ಅದನ್ನು ನಾನು ಕಲಿಸಿರಲಿಲ್ಲ, ನನಗೆ ಬರುತ್ತಲೂ ಇರಲಿಲ್ಲ. ಇಪ್ಪತ್ತು ವರ್ಷ ಎಡಗಡೆಯ ಕಿಟಕಿ ಮಾತ್ರ ತೆರೆದು ಕೂತವನಿಗೆ ಮೋಡದ ದಿನ ಎಂದರೆ ಡ್ರಾಯಿಂಗ್ ಪಾಠ ಆಗದ ದಿನ, ಅಷ್ಟೇ.

ಮನೆಗೆ ಹೋಗಿ ಊಟಕ್ಕೆ ಕೂತಾಗ ಕೇಳಿದೆ, "ಆ ಬಣ್ಣ ಹೇಗೆ ಮಾಡಿದಿ ಮಗಾ?"

"ಸರ್ ಹೇಳಿದ್ರು, ವಸ್ತು ನೋಡಬೇಡ, ಅದಕ್ಕೂ ನಿನಗೂ ನಡುವೆ ಇರುವುದನ್ನು ನೋಡು ಅಂತ."

"ನಾನು ಹೇಳಿದ್ದು ಏನಾಯ್ತು?"

ಅವಳು ಸ್ವಲ್ಪ ಯೋಚಿಸಿ, "ನೀವು ಚೆಂಬು ನೋಡು ಅಂದಿರಿ. ನೋಡಿದೆನಲ್ಲ ಅಪ್ಪ" ಎಂದಳು. ಮಾತಿನಲ್ಲಿ ಕೊಂಕು ಇರಲಿಲ್ಲ. ಹೆಂಡತಿ ಸಾರು ಬಡಿಸಿದಳು, ನನಗೆ ಸೇರಲಿಲ್ಲ.

ಆ ವರ್ಷದ ವಾರ್ಷಿಕೋತ್ಸವಕ್ಕೆ ಮಂಗಳೂರಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಗೋಡೆಯ ಮೇಲೆ ನನ್ನ ಮಕ್ಕಳ ಚೆಂಬು, ಮಡಕೆ, ದಾಸವಾಳ ಸಾಲಾಗಿ ತೂಗುತ್ತಿದ್ದವು. ಕಿಟಕಿಗಳ ತುಂಬ ಆ ಆಕಾಶಗಳು. ಗುರುಗ್ರಹದ ಪಟ್ಟೆಗಳನ್ನು ಸೀರೆಯಂಚಿನ ಹಾಗೆ ಬರೆದಿದ್ದರು. ಮಂಗಳನ ಮೇಲೆ ಮುರಕಲ್ಲಿನ ಧೂಳೆದ್ದಿತ್ತು. ಅಧಿಕಾರಿ ನನ್ನ ಗೋಡೆಯನ್ನು ನಡೆಯುತ್ತಲೇ ನೋಡಿ ಮುಗಿಸಿದರು. ಶುಕ್ರನ ಕಿಟಕಿಯ ಮುಂದೆ ನಿಂತವರು ನಿಂತೇ ಬಿಟ್ಟರು. "ಇಲ್ಲಿಯ ಡ್ರಾಯಿಂಗ್ ಮಾಸ್ತರು ಯಾರು?" ಎಂದು ಕೇಳಿದರು. ಎಲ್ಲರ ಕೈ ನನ್ನ ಕಡೆಗೆ.

"ಇದು ನಾನು ಮಾಡಿಸಿದ್ದಲ್ಲ" ಎಂದೆ, ಸಿಟ್ಟಿನಿಂದಲೇ.

"ನೋಡಿ, ಎಂಥ ವಿನಯ!" ಎಂದು ಅಧಿಕಾರಿ ನನ್ನ ಕೈ ಹಿಡಿದು ಕುಲುಕಿದರು. ಸಭೆಯಲ್ಲಿಯೂ ಹೊಗಳಿದರು, ಹಾರ ಹಾಕಿಸಿದರು. ನಾನು ಅಲ್ಲ ಅಲ್ಲ ಎಂದಷ್ಟೂ ನನ್ನ ವಿನಯ ದೊಡ್ಡದಾಗುತ್ತಾ ಹೋಯಿತು. ವಿಜ್ಞಾನದ ಮಾಷ್ಟ್ರು ಹಿಂದಿನ ಸಾಲಿನಲ್ಲಿ ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ಅವರ ಮುಖದಲ್ಲಿ ಒಂದು ಚೂರು ಬೇಸರ ಕಂಡಿದ್ದರೂ ನಾನು ಆ ಹಾರವನ್ನು ಸುಖವಾಗಿ ಹಾಕಿಕೊಳ್ಳುತ್ತಿದ್ದೆ. ನಾನು ಅವರನ್ನು ಕಂಡು ಉರಿಯುತ್ತಿದ್ದೆ, ಅವರಿಗೆ ನನ್ನ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚು ಇರಲಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಇನ್ನು ಯಾವುದಿದೆ? ಮಗಳು ಸಭೆಯಲ್ಲಿ ಎಲ್ಲಿ ನೋಡುತ್ತಿದ್ದಳೆಂದು ಹುಡುಕಿದೆ. ಅವಳು ತಿರುಗಿ ಕೂತು ಹಿಂದಿನ ಸಾಲನ್ನು ನೋಡುತ್ತಿದ್ದಳು.

ನನಗೂ ಒಂದು ದಿನ ಬಂತು. ಕೆಲವು ವರ್ಷ ಕಳೆದಿತ್ತು. ಮಗಳು ಶಾಲೆ ಮುಗಿಸಿ, ನನ್ನ ಇಷ್ಟದ ಪ್ರಕಾರವೇ ಡ್ರಾಯಿಂಗ್ ತರಬೇತಿಗೆ ಸೇರಿ, ರಜೆಯಲ್ಲಿ ಮನೆಗೆ ಬಂದಿದ್ದಳು. ಪತ್ರಿಕೆಯಲ್ಲಿ ಸುದ್ದಿ: ಅಮೆರಿಕದವರು ಕಳಿಸಿದ ನೌಕೆ ಶುಕ್ರನ ಹತ್ತಿರದಿಂದ ಹಾದುಹೋಗಿದೆ, ಅಲ್ಲಿ ಸಮುದ್ರವೂ ಇಲ್ಲ, ಗಿಡಮರವೂ ಇಲ್ಲ, ನೆಲದ ಮೇಲೆ ಸೀಸ ಕರಗುವಷ್ಟು ಬಿಸಿ. ನಾನು ಪತ್ರಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡು ನೇರ ಅವರ ಕೋಣೆಗೆ ನಡೆದೆ. ಅಷ್ಟು ಚುರುಕಾಗಿ ನಾನು ನಡೆದದ್ದು ನನ್ನ ಮದುವೆಯ ನಂತರ ಅದೇ ಮೊದಲಿರಬೇಕು.

"ನಿಮ್ಮ ಆಟಿ ಹೋಯಿತಲ್ಲ ಮಾಷ್ಟ್ರೆ" ಎಂದು ಪತ್ರಿಕೆ ಮುಂದೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಮುಖ ಇಳಿಯಿತು. "ಮಕ್ಕಳಿಗೆ ತಪ್ಪು ಹೇಳಿದೆನಲ್ಲ" ಎಂದು ಹೇಳಿ ಚಾಪೆಯ ಮೇಲೆ ಕೂತರು. ಆ ಗಳಿಗೆಯ ಸುಖವನ್ನು ನಾನು ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತೇನೆ. ಅದು ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವರು ತಲೆಯೆತ್ತಿ, ಕಣ್ಣು ದೊಡ್ಡದು ಮಾಡಿ, "ಅಲ್ಲ ಮಾಷ್ಟ್ರೆ, ಮೋಡ ಅಂತೂ ಉಂಟಲ್ಲ?" ಎಂದರು.

"ಮೋಡ ಉಂಟಂತೆ."

"ಕೆಳಗೆ ಅಷ್ಟು ಬಿಸಿ ಅಂತಾದರೆ, ಮೇಲಿನಿಂದ ಏನು ಬಿದ್ದರೂ ನೆಲ ಮುಟ್ಟುವುದಿಲ್ಲ! ಅರ್ಧ ದಾರಿಯಲ್ಲೇ ಆರಿ ಹೋಗ್ತದೆ. ನೆಲ ಮುಟ್ಟದ ಮಳೆ! ಅದನ್ನು ಹೇಗೆ ಬರೆಯುವುದು ಮಾಷ್ಟ್ರೆ? ನೀವು ಹೇಳಿ, ನೀವು ಕಲಿತವರು. ಬರುವುದು ಕಾಣಬೇಕು, ಬಂದು ಮುಟ್ಟುವುದು ಕಾಣಬಾರದು."

ನನ್ನನ್ನು ಸೋಲಿಸಲಿಕ್ಕೆ ಕೇಳಿದ್ದಲ್ಲ. ನಿಜವಾಗಿ ಅವರಿಗೆ ಬೇಕಾಗಿತ್ತು. "ನೋಡುವ" ಎಂದು ಎದ್ದು ಬಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ನಾನು ಮಗಳ ಮುಂದೆ ಆ ಮಾತನ್ನು ತಮಾಷೆ ಮಾಡಿದೆ. "ನಿನ್ನ ಮಾಷ್ಟ್ರಿಗೆ ಬುದ್ಧಿ ಬರಲಿಲ್ಲ. ಈಗ ನೆಲ ಮುಟ್ಟದ ಮಳೆ ಬರೀಬೇಕಂತೆ." ಅವಳು ನಗಲಿಲ್ಲ. ತುತ್ತು ಹಿಡಿದ ಕೈ ಹಾಗೇ ನಿಂತಿತು. ಬೇಗ ಬೇಗ ಉಂಡು ಕೈತೊಳೆದು ಒಳಗಿನ ಕೋಣೆಗೆ ಹೋದಳು. ಸಂಜೆಗೆ ಒಂದು ಸುರುಳಿ ಕಾಗದ ಸೆರಗಿನಡಿ ಹಿಡಿದು, ಕೊಡೆ ತೆಗೆದುಕೊಂಡು, "ಅಮ್ಮ, ಸರ್ ಹತ್ರ ಹೋಗಿ ಬರ್ತೇನೆ" ಎಂದು ಮೆಟ್ಟಿಲಿಳಿದಳು. ನಾನು ಜಗಲಿಯಲ್ಲೇ ಕೂತಿದ್ದೆ. ನನ್ನ ಮುಂದೆಯೇ ಹೋದಳು. ಅಪ್ಪನಿಗೆ ಒಮ್ಮೆ ತೋರಿಸುವ ಅಂತ ಅವಳಿಗೆ ಅನ್ನಿಸಲೇ ಇಲ್ಲ. ನಾನೂ ಬಾಯಿಬಿಟ್ಟು ಕೇಳಲಿಲ್ಲ. ಆ ಚಿತ್ರವನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಬೇಡ ಬೇಡವೆಂದರೂ ಕೈ ಸುಮ್ಮನಿರಲಿಲ್ಲ. ಅವಳು ರಜೆ ಮುಗಿಸಿ ಹೋದ ಮೇಲೆ ಬಣ್ಣದ ಪೆಟ್ಟಿಗೆ ತೆಗೆದು ನಾನೂ ಕೂತೆ. ಒಳ್ಳೆಯ ಕಾಗದ, ಒಳ್ಳೆಯ ಕುಂಚ. ಗೆರೆ ಎಳೆದರೆ ಮಳೆ ನೆಲಕ್ಕೆ ಮುಟ್ಟುತ್ತಿತ್ತು, ಎಳೆಯದಿದ್ದರೆ ಮಳೆಯೇ ಇಲ್ಲ. ಹಾಳಾದ ಹಾಳೆಗಳನ್ನು ಹೆಂಡತಿಗೆ ಕಾಣದ ಹಾಗೆ ಬಚ್ಚಲ ಒಲೆಗೆ ಹಾಕಿದೆ.

ಆ ಮಾಷ್ಟ್ರು ಬೆಳ್ತಂಗಡಿ ಕಡೆಯ ಶಾಲೆಗೆ ವರ್ಗವಾಗಿ ಹೋದಾಗ ನಮ್ಮಲ್ಲಿ ಬೀಳ್ಕೊಡುಗೆ ನಡೆಯಿತು. ಎಲ್ಲರೂ ಕಣ್ಣೊರೆಸಿಕೊಂಡರು, ನಾನು ಹೋಳಿಗೆ ಎರಡು ಹೆಚ್ಚು ತಿಂದೆ. ಅಷ್ಟರಲ್ಲಿ ಮಗಳಿಗೆ ಬಂಟ್ವಾಳದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು, ಅಲ್ಲೇ ಮದುವೆಯೂ ಆಯಿತು. ನಾನು ಗೆದ್ದೆ ಎಂದುಕೊಂಡೆ. ಅವಳು ವಿಜ್ಞಾನ ಕಲಿಸುವುದಿಲ್ಲವಲ್ಲ, ನನ್ನ ವಿದ್ಯೆಯನ್ನೇ ಕಲಿಸುತ್ತಾಳೆ. ನನ್ನ ಕುರ್ಚಿಯಂಥದೇ ಕುರ್ಚಿಯಲ್ಲಿ ಕೂರುತ್ತಾಳೆ. ಒಮ್ಮೆ ಹುಟ್ಟೂರಿಗೆ ಹೋದವನು ಹೇಳದೆ ಕೇಳದೆ ಅವಳ ಶಾಲೆಗೆ ನುಗ್ಗಿದೆ. ಜಗಲಿಯಿಂದ ಇಣುಕಿದರೆ ಮೇಜಿನ ಮೇಲೆ ಚೆಂಬೂ ಇಲ್ಲ, ಮಡಕೆಯೂ ಇಲ್ಲ. ಮಕ್ಕಳೆಲ್ಲ ಕಿಟಕಿಯ ಹತ್ತಿರ ಗುಂಪಾಗಿ ನೇತ್ರಾವತಿ ಹೊಳೆಯ ಮೇಲಿನ ಮಂಜು ನೋಡುತ್ತಿದ್ದರು. "ಹೊಳೆ ನೋಡಬೇಡಿ" ಎನ್ನುತ್ತಿದ್ದಳು ಮಗಳು, "ಹೊಳೆಗೂ ನಮಗೂ ನಡುವೆ ಎಂಥ ಉಂಟು, ಅದನ್ನು ನೋಡಿ." ನಾನು ಒಳಗೆ ಹೋಗದೆ ತಿರುಗಿ ಬಂದೆ. ಬಂದಿದ್ದೆ ಎಂದು ಅವಳಿಗೆ ಹೇಳಿಲ್ಲ.

ಅವರು ತೀರಿಕೊಂಡ ಸುದ್ದಿ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ನನಗೆ ಹೇಳಿದ. ಮಗಳು ಅಂದು ಮಗುವನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದಿದ್ದಳು. ಕೇಳಿದವಳೇ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಸೀರೆ ಬದಲಿಸಿದಳು. ನಾನೂ ಹೊರಟೆ. ಹೋಗದಿದ್ದರೆ ಜನ ಏನೆನ್ನುತ್ತಾರೆ ಎನ್ನುವುದು ಒಂದು, ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ ಎನ್ನುವುದು ಇನ್ನೊಂದು. ನಾವು ಲಾಯಿಲ ಮುಟ್ಟುವಾಗ ಎಲ್ಲ ಮುಗಿದಿತ್ತು. ಬಂದವರು ಅಂಗಳದ ಚಪ್ಪರದಡಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನಗೆ ಪರಿಚಯವಿದ್ದ ಮುಖಗಳು ಎಷ್ಟೋ. ನನ್ನ ಕೈಯಲ್ಲಿ ಪರೀಕ್ಷೆ ಪಾಸಾದವರು, ಅವರಿಗಾಗಿ ಬಂದಿದ್ದರು.

ಅವರ ಅಕ್ಕ ಹಣ್ಣು ಹಣ್ಣು ಮುದುಕಿ, ಕಣ್ಣು ಮಂದ. ಮಗಳ ಕೈ ಹಿಡಿದು ಕೇಳಿದರು, "ನೀನು ಯಾರು ಮಗಾ?"

"ನಾನು ಮಾಷ್ಟ್ರ ಶಿಷ್ಯೆ ಅಮ್ಮ. ನನಗೆ ಚಿತ್ರ ಕಲಿಸಿದವರು ಅವರು."

"ಅವನಿಗೆ ಚಿತ್ರ ಎಲ್ಲಿ ಬರ್ತಿತ್ತು?" ಎಂದರು ಅಕ್ಕ, ಆಶ್ಚರ್ಯದಿಂದ.

"ಬರ್ತಿರಲಿಲ್ಲ. ಕಲಿಸ್ಲಿಕ್ಕೆ ಬರ್ತಿತ್ತು."

"ಇವರು?" ಎಂದು ನನ್ನ ಕಡೆಗೆ ತಿರುಗಿದರು.

"ಇವರು ನನ್ನ ಅಪ್ಪ" ಎಂದಳು ಮಗಳು. ಅಲ್ಲಿಗೆ ನಿಲ್ಲಿಸಿದಳು. ಮುಂದೆ ಇನ್ನೇನಾದರೂ ಹೇಳುತ್ತಾಳೆಂದು ಕಾದೆ. ಅಕ್ಕ ನನಗೆ ಕೈ ಮುಗಿದರು, ನಾನೂ ಮುಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೂತ ಮೇಲೆ ಅವಳು ಅಳಲಿಕ್ಕೆ ಶುರು ಮಾಡಿದಳು. ಸೆರಗು ಬಾಯಿಗೊತ್ತಿ, ಮೈಯೆಲ್ಲ ಅಲುಗಾಡುವ ಹಾಗೆ. ಗುರುವಾಯನಕೆರೆ ದಾಟಿತು, ವೇಣೂರು ಬಂತು, ನಿಲ್ಲಿಸಲಿಲ್ಲ. ಮದುವೆಯಾಗಿ ಮನೆಯಿಂದ ಹೊರಡುವಾಗ ಕೂಡ ಅವಳು ಹೀಗೆ ಅತ್ತಿರಲಿಲ್ಲ. ಎದುರು ಸೀಟಿನ ಹೆಂಗಸೊಬ್ಬಳು ಮರುಕದಿಂದ ತಿರುಗಿ, ತುಳುವಿನಲ್ಲಿ, "ಯಾರು ಹೋದದ್ದು ಮಗಾ, ಅಪ್ಪನಾ?" ಎಂದು ಕೇಳಿದಳು. ಮಗಳು ಅಲ್ಲವೆಂದು ತಲೆಯಾಡಿಸಿ ನನ್ನ ಕಡೆ ಕೈ ತೋರಿಸಿದಳು. "ಅಪ್ಪ ಇವರು. ಹೋದದ್ದು ನನ್ನ ಮಾಷ್ಟ್ರು." ಆ ಹೆಂಗಸು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

ನಾನು ಮಗಳ ಬೆನ್ನ ಮೇಲೆ ಕೈಯಿಟ್ಟೆ. ಅವಳು ನನ್ನ ಹೆಗಲಿಗೆ ತಲೆಯಾನಿಸಿದಳು. ನನಗೀಗ ವಯಸ್ಸಾಯಿತು, ನಾನೂ ಒಂದು ದಿನ ಹೋಗುವವನೇ. ಆಗಲೂ ಅವಳು ಅಳುತ್ತಾಳೆ, ಇದಕ್ಕಿಂತ ಹೆಚ್ಚೇ ಅಳಬಹುದು. ಅದು ಅಪ್ಪನಿಗೆ. ಮಾಷ್ಟ್ರಿಗೆ ಅಳುವುದನ್ನು ಆ ಬಸ್ಸಿನಲ್ಲಿ, ನನ್ನ ಹೆಗಲ ಮೇಲೆಯೇ, ಅವಳು ಅತ್ತು ಮುಗಿಸಿದ್ದಾಳೆ.